ಕಾಲು ಚಾಚುವಷ್ಟು

"ಅತ್ತಿಗಿ, ಕೈ ಬಿಡ್ರಿ. ಮೈ ಸೆಟದ ಮ್ಯಾಲ ಕೂಡ್ಸಾಕ ಬರೂದಿಲ್ಲ."

ಅಡಿವೆಪ್ಪ ಅಣ್ಣ ಶಂಕ್ರಪ್ಪನ ಹೆಣವನ್ನು ಹೆಗಲು ಹಿಡಿದು ಎತ್ತುತ್ತಿದ್ದ. ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಕೂತ ಹಾಗೆಯೇ ಮಣ್ಣು ಮಾಡುವುದು ಲಿಂಗಾಯತರ ರೂಢಿ. ನೀಲಕ್ಕ ಗಂಡನ ಕಾಲುಗಳನ್ನು ಚಾಪೆಗೆ ಒತ್ತಿ ಹಿಡಿದಿದ್ದಳು.

"ಕೂಡಸಬ್ಯಾಡ್ರಿ. ಕುಂತು ಕುಂತು ಸಾಕಾಗಿ ಹೋಗ್ಯಾರ ಅವರು. ಮಲಗಿಸಿ ಮಣ್ಣು ಕೊಡ್ರಿ."

ದಾಂಡೇಲಿಯ ಕಾರ್ಮಿಕರ ಚಾಳಿನಲ್ಲಿ ನೆರೆದಿದ್ದವರು ಮುಖ ಮುಖ ನೋಡಿಕೊಂಡರು.

"ನಮ್ಮಪ್ಪ, ಮುತ್ಯಾ ಎಲ್ಲಾರೂ ಕುಂತಽ ಹೋದ್ರು. ಅಣ್ಣಗ ಮಾತ್ರ ಆ ಮರ್ಯಾದಿ ಬ್ಯಾಡಂದ್ರ ಊರಾಗ ನಾ ಏನ್ ಹೇಳ್ಲಿ?" ಎಂದ ಅಡಿವೆಪ್ಪ. ಧಾರವಾಡದ ಕಡೆಯ ಊರಿನಿಂದ ಅವನು ಸಾವಿನ ಸುದ್ದಿ ಕೇಳಿ ಆಗಷ್ಟೇ ಬಂದಿದ್ದ. ಅಣ್ಣ ಪಟ್ಟ ಪಾಡು ಅವನಿಗೇನು ಗೊತ್ತು!

*

ಕಾಗದದ ಕಾರ್ಖಾನೆಯಲ್ಲಿ ಬಿದಿರು ಕತ್ತರಿಸುತ್ತಿದ್ದ ಶಂಕ್ರಪ್ಪನಿಗೆ ಶ್ವಾಸಕೋಶದ ಕ್ಯಾನ್ಸರು. ಅದು ಹೃದಯದ ಸುತ್ತಲಿನ ಚೀಲಕ್ಕೂ ನೀರು ತುಂಬಿಸಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಯುಗಾದಿಯಿಂದ ಮೊಣಕಾಲ ಮೇಲೆ ದಿಂಬಿಟ್ಟುಕೊಂಡು ಕೂತೇ ಇದ್ದ. ಜೊತೆಗೆ ದುಡಿಯುತ್ತಿದ್ದ ಇನಾಸ, ಹಳಿಯಾಳದ ಕಡೆಯ ಸಿದ್ದಿ ಜನಾಂಗದವನು, ರಾತ್ರಿಪಾಳಿ ಮುಗಿಸಿ ನೇರ ಇಲ್ಲಿಗೇ ಬಂದು ಅವನ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಆಗ ಒಂದಿಷ್ಟು ಕಣ್ಣು ಹತ್ತುತ್ತಿತ್ತು.

ಬೆಳಗಾವಿಯಲ್ಲಿ ಡಾಕ್ಟರು ಎದೆಗೆ ಉದ್ದನೆಯ ಸೂಜಿ ಹಾಕಿ ತಂಬಿಗೆ ತುಂಬ ಕೆಂಪು ನೀರು ತೆಗೆದರು.

"ಬ್ಯಾನಿ ವಾಸಿ ಆಗೂದಿಲ್ಲವ್ವಾ, ನೀರು ಮತ್ತ ತುಂಬ್ತೈತಿ. ಅಲ್ಲೀತನಾ ಒಂದೀಟು ಆರಾಮ ಸಿಗ್ತೈತಿ."

ಮನೆಗೆ ಬಂದ ಶಂಕ್ರಪ್ಪ ನಡುಮಧ್ಯಾಹ್ನ ಅಂಗಾತ ಮಲಗಿ, ಕಾಲು ಚಾಚಿ, ಗೊರಕೆ ಹೊಡೆದ. ಆ ಗೊರಕೆಗೆ ನೀಲಕ್ಕನಿಗೆ ಅಳು ಬಂತು, ಹಿಂದೆಯೇ ನಗುವೂ ಬಂತು.

"ಮಲಗೂದು ಇಷ್ಟು ಚಂದ ಇರ್ತೈತೇನ ನೀಲಾ? ಮರತಽ ಬಿಟ್ಟಿದ್ದೆ," ಎಂದ, ಎದ್ದ ಮೇಲೆ.

ಮಳೆ ಹಿಡಿಯುವ ತನಕ ಹಾಗೆ ಮಲಗಿದ. ಆಮೇಲೆ ನೀರು ತಿರುಗಿ ತುಂಬಿತು, ಇನಾಸ ತಿರುಗಿ ಬೆನ್ನು ಕೊಟ್ಟ. ಕೂತೇ ಪ್ರಾಣ ಹೋದವನನ್ನು ಬೆಳಗ್ಗೆ ನೀಲಕ್ಕನೇ ಚಾಪೆಯ ಮೇಲೆ ಮಲಗಿಸಿದ್ದಳು.

*

"ಅಷ್ಟು ದಿನ ನಿದ್ದಿ ಕೊಟ್ಟ ಶಿವಗ, ಆ ಡಾಕ್ಟರಗ, ಈ ಇನಾಸಣ್ಣಗ ನಾ ಋಣಿ ಅದೀನ್ರಿ ಅಯ್ಯಾರ," ಎಂದಳು ನೀಲಕ್ಕ, ಪೂಜೆಗೆ ಬಂದ ಬಸಲಿಂಗಯ್ಯನಿಗೆ. "ಇನ್ನ ಇದೊಂದಽ ಬೇಡ್ತೀನಿ. ಮಲಗ್ಲಿ."

ಬಾಗಿಲಲ್ಲಿ ನಿಂತಿದ್ದ ಇನಾಸ ಒಳಗೆ ಬಂದ. "ನನ್ನ ಬೆನ್ನಿಗೆ ಭಾರ ಆದೀತಂತ ನಿದ್ದಿ ತಡಕೊಂತಿದ್ದ, ಅಯ್ಯಾರ. ಒರಗು ಅಂತ ನಾನಽ ಬೈಬೇಕಿತ್ತು."

ಅಡಿವೆಪ್ಪನ ಕೈ ಅಣ್ಣನ ಹೆಗಲಿನಿಂದ ಜಾರಿತು.

"ನನ್ನ ಮಂತ್ರಕ್ಕೇನೂ ಅಡ್ಡಿಯಿಲ್ಲ," ಎಂದ ಬಸಲಿಂಗಯ್ಯ. "ಆದ್ರ ಕೂಡ್ಸಾಕಂತ ಕುಣಿ ಚೌಕ ತೋಡ್ಯಾರ."

ಅಡಿವೆಪ್ಪ ಎದ್ದು ಹೊರಟುಹೋದ. ಸಿಟ್ಟಿನಿಂದ ಊರಿಗೇ ಹೊರಟ ಎಂದುಕೊಂಡರು ಎಲ್ಲರೂ.

ಹೆಣ ಹೊತ್ತು ಹೋದಾಗ ಅವನು ಕುಣಿಯ ಅಂಚಿನಲ್ಲಿ, ಬಿಳಿ ಧೋತರಕ್ಕೆಲ್ಲ ಕೆಸರು ಮೆತ್ತಿಕೊಂಡು, ಅಂಗಾತ ಮಲಗಿದ್ದ. ಅವನ ಅಂಗಾಲಿನ ಹತ್ತಿರ ಒಬ್ಬ ಸಲಿಕೆಯಿಂದ ಗೆರೆ ಎಳೆಯುತ್ತಿದ್ದ.

"ಅಲ್ಲಿಗೆ ಸಾಲೂದಿಲ್ಲೋ," ಎಂದ ಅಡಿವೆಪ್ಪ, ಮಲಗಿದಲ್ಲಿಂದಲೇ. "ಅಣ್ಣ ನನಗಿಂತ ಗೇಣು ಉದ್ದ. ಇನ್ನೂ ಅಗಿ."