ಮೂರನೆಯ ಕೂಗು

ಜಿನ್ನವ್ವ ಹೊಸ್ತಿಲು ದಾಟುವಷ್ಟರಲ್ಲಿ ಧರಣೇಂದ್ರ ಬಾಗಿಲಿಗೆ ಬಡಿಗೆ ಅಡ್ಡ ಹಿಡಿದ.

"ಎಲ್ಲಿಗಿ ಹೊಂಟ್ರಿ ವೈನಿ?"

"ಮೌಲಾಅಲಿ ಸತ್ತಾನಂತ. ನೋಡಿ ಬರ್ತೀನಿ."

"ನಿಮ್ಮ ಮಾನಾ ಪ್ಯಾಟ್ಯಾಗ ಹರಾಜ ಹಾಕಿದಾಂವ ಅಂವ. ಅವನ ಮಣ್ಣಿಗಿ ಹೋಗ್ತೀರಾ?"

"ಅಳಾಕ ಹೊಂಟಿಲ್ಲ ನಾ. ಆ ಬಾಯಿ ಖರೇನ ಮುಚ್ಚೇತೋ ಇಲ್ಲೋ ನೋಡಾಕ ಹೊಂಟೇನಿ. ಬಡಿಗಿ ತಗಿ."

ಮೈದುನ ತೆಗೆಯಲಿಲ್ಲ. ಜಿನ್ನವ್ವ ಬಡಿಗೆಯನ್ನು ಕೈಯಿಂದ ಸರಿಸಿ ಬೀದಿಗಿಳಿದಳು. ಅವಳಿಗೆ ಆ ಬಡಿಗೆಯ ಹೆದರಿಕೆ ಹೋಗಿ ಬಹಳ ದಿನವಾಗಿತ್ತು. ಇದರ ಹಿಂದಿನ ಬಡಿಗೆ ಎಂದೋ ಅವಳ ಬೆನ್ನ ಮೇಲೆ ಮುರಿದುಹೋಗಿತ್ತು.

ಜರ್ಮನಿಯ ಲಡಾಯಿ ನಡೆದಿದ್ದ ದಿನಗಳು. ಮೂಡಲಗಿಯಲ್ಲಿ ಅಂದು ಸಂತೆ. ಬೆಲ್ಲದ ಗಾಡಿಗಳ ಸಾಲು ದಾಟಿ ಅವಳು ಮೌಲಾಅಲಿಯ ಓಣಿಗೆ ಬಂದಾಗ ಅಂಗಳದ ತುಂಬ ಜನ. ಪೇಟೆಯ ಹಮಾಲರೆಲ್ಲ ತಲೆಗೆ ವಸ್ತ್ರ ಸುತ್ತಿ ನಿಂತಿದ್ದರು. ಸಾಯುವತನಕ ಮೌಲಾಅಲಿಯೂ ಅವರಲ್ಲೊಬ್ಬ, ಮೂಟೆ ಹೊರುವವ. ಅವಳನ್ನು ಕಂಡದ್ದೇ ಎಲ್ಲರ ಮಾತು ನಿಂತಿತು. ಯಾಕೆ ನಿಲ್ಲಬಾರದು? ಹತ್ತು ವರ್ಷ ಆ ಓಣಿಯ ನೆರಳನ್ನೂ ತುಳಿಯದಿದ್ದ ಹೆಂಗಸು.

ಅವನ ಹೆಂಡತಿ ಮೈನಾಬಿ ಹೆಣದ ಪಕ್ಕ ಕುಳಿತಿದ್ದಳು. ಬಿಳಿ ಬಟ್ಟೆಯಲ್ಲಿ ಮುಖ ಒಂದೇ ತೆರೆದಿತ್ತು. ಬಾಯಿ ಮುಚ್ಚಿರಲಿಲ್ಲ, ಗದ್ದಕ್ಕೆ ಪಟ್ಟಿ ಕಟ್ಟಿದ್ದರೂ ತುಟಿ ತುಸು ಬಿರಿದಿತ್ತು. ಮುಂದಿನ ಒಂದು ಹಲ್ಲು ಇಲ್ಲ. ಅದನ್ನು ಉದುರಿಸಿದವಳು ಜಿನ್ನವ್ವನೇ. ಅದನ್ನು ನೋಡಿ ಹೊಟ್ಟೆ ತಣ್ಣಗಾಗುತ್ತದೆ ಎಂದುಕೊಂಡು ಬಂದಿದ್ದಳು. ಆಗಲಿಲ್ಲ, ಇನ್ನಷ್ಟು ಉರಿಯಿತು.

*

ಒಂದು ಕಾಲಕ್ಕೆ ಮೂಡಲಗಿಯ ಬೆಲ್ಲದ ಪೇಟೆಯಲ್ಲಿ ಲಿಲಾವು, ಅಂದರೆ ಹರಾಜು, ಕೂಗಬೇಕೆಂದರೆ ಮೌಲಾಅಲಿಯೇ ಕೂಗಬೇಕು. ಬೆಲ್ಲದ ದೊಡ್ಡ ಗಟ್ಟಿಗಳಾದ ಪೆಂಟೆಗಳ ರಾಶಿ ಹತ್ತಿ "ಒಂದ ಸರತೀ" ಎಂದನೆಂದರೆ ಊರಾಚೆಯ ಗಾಡಿಯ ಎತ್ತು ಕಿವಿ ನಿಮಿರಿಸುತ್ತಿತ್ತು. ಮೂರನೆಯ ಕೂಗು ಬೀಳುವವರೆಗೆ ಯಾರು ಬೇಕಾದರೂ ದರ ಏರಿಸಬಹುದು, ಆಡಿದ ಮಾತು ಹಿಂದೆ ತೆಗೆಯಬಹುದು. ಬಿದ್ದ ಮೇಲೆ ಬ್ರಹ್ಮ ಬಂದರೂ ಸವದಾ, ಅಂದರೆ ವ್ಯಾಪಾರ, ತಿರುಗುವುದಿಲ್ಲ. ಬೀಳದೆ ಹೋದರೆ ಸವದಾ ಆಗಲೇ ಇಲ್ಲ. ಅದು ಪೇಟೆಯ ಕಾಯದೆ.

ಹತ್ತು ವರ್ಷದ ಹಿಂದೆ ಒಂದು ದಿನ ಸರದಿ ಜಿನ್ನವ್ವನ ಬೆಲ್ಲದ್ದು. ಗಂಡ ಸತ್ತ ಮೇಲೆ ಹೊಲವನ್ನು ಮೈದುನನ ಕೈಗೆ ಕೊಡದೆ, ತಾನೇ ನಿಂತು ಗಾಣ ಹೂಡಿ, ಕೊಪ್ಪರಿಗೆ ಇಳಿಸಿದ ಬೆಲ್ಲ. ಮೌಲಾಅಲಿ ಕೂಗಿದ ದರ ಅವಳಿಗೆ ಒಪ್ಪಲಿಲ್ಲ.

"ಬಣ್ಣಾ ನೋಡಿ ಕೂಗ್ರಿ. ಬಂಗಾರದಂಥಾ ಬೆಲ್ಲ ಐತಿ," ಎಂದಳು.

ಗಂಡಸರ ನಡುವೆ ಒಬ್ಬ ಹೆಂಗಸು ತನ್ನ ಕೆಲಸ ತಿದ್ದಿದಳಲ್ಲ ಎಂದು ಅವನಿಗೆ ಚುರುಕೆಂದಿತು. ನಾಲಿಗೆಗೆ ಎಲುಬಿಲ್ಲ. ಜನರನ್ನು ನಗಿಸುವ ಚಟ ಬೇರೆ.

"ಬಣ್ಣಾ ಬರದ ಏನ ಮಾಡೀತು? ಹಗಲಿ ಇಕಿ ಕೊಪ್ಪರಿಗಿ ಕುದೀತೈತಿ, ರಾತ್ರಿ ಇಕಿ ಕುದೀತಾಳ. ಉರಿ ಹಚ್ಚೂ ಗಂಡಸರಿಗೇನ ಬರಾ ಇಲ್ಲ. ರಂಡಿ ಬೆಲ್ಲ, ಒಂದ ಸರತೀ!"

ಪೇಟೆಗೆ ಪೇಟೆಯೇ ಬಿದ್ದು ಬಿದ್ದು ನಕ್ಕಿತು. ಜಿನ್ನವ್ವ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಮೂರನೆಯ ಕೂಗೂ ಬಿತ್ತು. ಗೋಕಾಕ, ಹುಕ್ಕೇರಿ, ಸಂಕೇಶ್ವರದ ವ್ಯಾಪಾರಿಗಳು ಬೆಲ್ಲದ ಜೊತೆಗೆ ಆ ಮಾತನ್ನೂ ಗಾಡಿಗೆ ಹೇರಿಕೊಂಡು ಹೋದರು.

ಸಂಜೆ ಧರಣೇಂದ್ರ ಅವಳನ್ನು ಕೂದಲು ಹಿಡಿದು ಅಂಗಳಕ್ಕೆ ಎಳೆದ. "ಬೆಂಕಿ ಇಲ್ಲದ ಹೊಗಿ ಏಳತೈತೇನು?" ಎಂದು ಬಡಿಗೆ ಮುರಿಯುವತನಕ ಬಡಿದ. ಮರುದಿನವೇ ಗಾಣ ಅವನ ವಶವಾಯಿತು. ಮಾನಗೆಟ್ಟವಳು ಪೇಟೆಗೆ ಹೋಗುವುದು ಹೇಗೆ? ಅದೇ ವಾರ ಹುಕ್ಕೇರಿಯಿಂದ ಮಗಳು ರಾಜಮತಿಯ ನಿಶ್ಚಯದ ಸೀರೆ ಹಿಂದೆ ಬಂತು. ಹುಡುಗಿ ಸೀದಾ ಹೋಗಿ ಹೊಲದ ಬಾವಿಗೆ ಹಾರಿದಳು. ಆಳುಗಳು ಹಗ್ಗ ಬಿಟ್ಟು ಎತ್ತಿದಾಗ ಹಣೆ ಒಡೆದು ಮೂಗಿನತನಕ ಹರಿದಿತ್ತು. ಜೀವ ಉಳಿಯಿತು, ಗಾಯದ ಕಲೆ ಇಂದಿಗೂ ಇದೆ.

ಆಗ ಪಂಚರು ಕೂಡಿದರು. ಮೌಲಾಅಲಿ ತಲೆಯ ಮೇಲೆ ಚಪ್ಪಲಿ ಹೊತ್ತು, ನೆಲ ನೋಡುತ್ತ, ಹಲ್ಲಿನ ಸಂದಿಯಲ್ಲಿ ಗೊಣಗಿದ. "ಯಾರಿಗರೆ ನೋವಾಗಿದ್ರ ಮಾಫ ಮಾಡ್ರಿ."

"ಯಾರಿಗರೆ ಅಂದ್ರ ಯಾರಿಗಿ?" ಜಿನ್ನವ್ವ ಎದ್ದು ನಿಂತಿದ್ದಳು. "ಬೈಯೂ ಮುಂದ ನನ್ನ ಗುರತ ಇತ್ತಲ್ಲ, ಈಗ ಮರತೇನು? ನೋವಾಗಿದ್ರ ಅಂತೀ, ನನ್ನ ಮಗಳ ಹಣಿ ನೋಡೀ ಇಲ್ಲೋ? ಬೈದದ್ದು ಮೂರೂರಿಗಿ ಕೇಳೇತಿ. ಈಗ ಅಂದದ್ದು ನನ್ನ ಕಿವೀಗೂ ಕೇಳಲಿಲ್ಲ."

ಅವನ ತಲೆಯ ಮೇಲಿನ ಚಪ್ಪಲಿ ಎಳೆದುಕೊಂಡು ಬಾಯಿಯ ಮೇಲೆಯೇ ಬಾರಿಸಿದಳು. ಹಲ್ಲು ಮಣ್ಣಿಗೆ ಬಿತ್ತು. ಪಂಚರು ಅಲ್ಲಿಗೆ ತಂಟೆ ಹರಿಯಿತೆಂದು ಮೈ ಕೊಡವಿಕೊಂಡು ಎದ್ದರು.

ಅದಾದ ಕೆಲ ದಿನಕ್ಕೇ ಮೌಲಾಅಲಿಯ ದನಿ ಹೋಯಿತು. ಉಳಿದದ್ದು ಒಡಕು ತಿದಿಯ ಗೊರಗೊರ. ಲಿಲಾವು ಬಿಟ್ಟು ಮೂಟೆ ಹೊತ್ತ. ದೇವರೇ ಶಿಕ್ಷೆ ಕೊಟ್ಟ ಎಂದಿತು ಊರು. ಜಿನ್ನವ್ವ ಬಸದಿಯಲ್ಲಿ ತುಪ್ಪದ ದೀಪ ಹಚ್ಚಿದಳು. ಪ್ರತಿ ವರ್ಷ ಜೈನರು ಒಬ್ಬರಿಗೊಬ್ಬರು ಕ್ಷಮೆ ಕೇಳಿಕೊಳ್ಳುವ ದಿನ ಅವನು ಅವಳ ಅಂಗಳಕ್ಕೆ ಬಂದು ಸುಮ್ಮನೆ ಕೈಮುಗಿದು ನಿಲ್ಲುತ್ತಿದ್ದ. ಈ ದಿನ ಕ್ಷಮೆ ಇಲ್ಲ ಎನ್ನಲು ಬಾರದೆಂದು ಗೊತ್ತಿದ್ದೇ ಬಂದಿದ್ದಾನೆ, ಬಾಯಿಬಿಟ್ಟು ಕೇಳುವುದಕ್ಕೂ ಸೊಕ್ಕು ಎಂದು ಅವಳು ಬಾಗಿಲು ಹಾಕುತ್ತಿದ್ದಳು.

*

ಹೆಣ ಎತ್ತುವ ಹೊತ್ತಾಯಿತು. ಮಗ ಶಬ್ಬೀರ ಕಣ್ಣೊರೆಸಿಕೊಂಡು ಜನರ ಕಡೆ ತಿರುಗಿ ಕೈಮುಗಿದ.

"ನಮ್ಮಪ್ಪನಿಂದ ಯಾರಿಗರೆ ನೋವಾಗಿದ್ರ ಮಾಫ ಮಾಡ್ರಿ."

ಮಣ್ಣಿಗೆ ಒಯ್ಯುವ ಮುಂಚೆ ಕೇಳುವ ಮಾತು ಅದು. ಬಂದವರು 'ಮಾಫ' ಎನ್ನುವುದು ವಾಡಿಕೆ. "ಮಾಫ, ಮಾಫ," ಎಂದರು ಎಲ್ಲರೂ.

ಅದೇ ಮಾತು. ಯಾರಿಗರೆ, ನೋವಾಗಿದ್ರ. ಜಿನ್ನವ್ವನ ಮೈಯಲ್ಲಿ ಹಳೆಯ ಪೆಟ್ಟುಗಳೆಲ್ಲ ಒಮ್ಮೆಲೇ ಎದ್ದವು.

"ನಾ ಮಾಡಂಗಿಲ್ಲ," ಎಂದಳು.

ಶಬ್ಬೀರ ಗೋರಿ ತೋಡಿದ ಮೇಲೆ ಗೋಡೆಗೆ ಆನಿಸಿಟ್ಟಿದ್ದ ಸಲಿಕೆಯನ್ನು ಎತ್ತಿಕೊಂಡ.

"ಹೆಣದ ಮುಂದ ಹಗಿ ತೀರಿಸಾಕ ಬಂದೀರೇನು? ನಡೀರಿ ಹೊರಗ. ಇಲ್ಲಂದ್ರ ಎರಡ ಕುಣಿ ತೋಡಬೇಕಾಗ್ತೈತಿ."

ಸಲಿಕೆ ಮೇಲೆದ್ದಿತ್ತು. ಗಾಡಿ ಹೊಡೆಯುವ ಮುರಿಗೆಪ್ಪ ಹಾರಿ ಬಂದು ಅವನ ಮುಂಗೈ ಹಿಡಿದ. ಜಗ್ಗಾಟದಲ್ಲಿ ಸಲಿಕೆಯ ಅಂಚು ಮುರಿಗೆಪ್ಪನ ಹೆಗಲು ಸೀಳಿತು.

"ಬಿಡೋ ಶಬ್ಬೀರ," ಎಂದಳು ಮೈನಾಬಿ. "ಇಲ್ಲ ಅನ್ನೂ ಹಕ್ಕ ಆಕಿಗಿ ಐತಿ. ನಿಮ್ಮಪ್ಪಗೂ ಅದು ಗೊತ್ತಿತ್ತು. ಮುರಿಗೆಪ್ಪಣ್ಣಾ, ಯಾರಿಗೂ ಹೇಳಂಗಿಲ್ಲ ಅಂತ ಅಂವಗ ಕೊಟ್ಟ ಆಣಿ ಇವತ್ತಿಗಿ ತೀರೇತಿ. ಹೇಳ್ರಿ."

ಮುರಿಗೆಪ್ಪ ಹೆಗಲಿನ ರಕ್ತ ಒತ್ತಿ ಹಿಡಿದು ಜಿನ್ನವ್ವನ ಮುಂದೆ ನಿಂತ.

"ಅವ್ವಾರ, ನೀವು ಚಪ್ಪಲೀಲೆ ಹೊಡದ ಮುಂದಿನ ಸಂತಿಗಿ ಇಂವ ನನ್ನ ಗಾಡಿ ಹತ್ತಿದ. ನಡಿ ಮುರಿಗ್ಯಾ, ಆ ಮಾತು ಎಲ್ಲೆಲ್ಲಿ ಹೋಗೇತಿ ಅಲ್ಲಿಗೆಲ್ಲಾ ಹೋಗೂದೈತಿ ಅಂದ. ಗೋಕಾಕ ಸಂತ್ಯಾಗ ಬೆಲ್ಲದ ರಾಶಿ ಹತ್ತಿ ನಿಂತು, ಲಿಲಾವು ಕೂಗೂ ದನೀಲೇ ಕೂಗಿದ. ಮೂಡಲಗಿ ಜಿನ್ನವ್ವನ ಮ್ಯಾಲ ನಾ ಆಡಿದ್ದು ಸುಳ್ಳ, ಆಕಿದೇನೂ ತಪ್ಪಿಲ್ಲ, ಹೊಲಸು ಇದ್ದದ್ದು ನನ್ನ ನಾಲಗಿ ಅಂತ. ಮೂರ ಸರತಿ. ಮಂದಿ ನಕ್ಕರು, ಸಗಣಿ ಒಗದರು. ನಗಲಾರದಾವ್ರು ಒಬ್ಬರ, ಈಗ ನಿಮ್ಮ ಅಳಿಯಾ ಆಗಿರೂ ಕುಂಥುನಾಥರು. ಅವರ ಕಡಿಂದೂ ಇಂವ ಆಣಿ ತಗೊಂಡ. ರಾಜಮತೀನ ಕೇಳಾಕ ತಾವಾಗೇ ಬಂದ್ರಲ್ಲ, ಸುಮ್ಮನ ಬಂದ್ರು ಅಂತ ಮಾಡೀರೇನು?"

ಜಿನ್ನವ್ವ ಮಗಳ ಪುಣ್ಯದಿಂದ ಬಂದ ಸಂಬಂಧ ಎಂದು ಊರಿಗೆಲ್ಲ ಸಕ್ಕರೆ ಹಂಚಿದ್ದಳು. ಮೌಲಾಅಲಿಯ ಮನೆಯೊಂದನ್ನು ಬಿಟ್ಟು.

"ಆಮ್ಯಾಲ ಹುಕ್ಕೇರಿ. ಎರಡ ಕೂಗು ಕೂಗಿದ. ಸೀರಿ ತಿರಿಗಿ ಕಳಸಿದ್ರಲ್ಲ, ಆ ಮನ್ಯಾವರು ಬಂದು ಕೆಳಗ ಜಗ್ಗಿದರು. ನಮ್ಮ ಹೆಸರು ಮತ್ತ ಸಂತ್ಯಾಗ ತರ್ತೀಯಾ ಅಂತ ಬಡಿದು, ಗಂಟಲ ಮ್ಯಾಲ ಕಾಲಿಟ್ಟು ತುಳಿದರು. ಮೂರನೇ ಕೂಗು ಬಾಯಾಗ ಉಳೀತು. ಘಟಪ್ರಭಾ ದಾಟೂತನಕ ನನ್ನ ಗಾಡ್ಯಾಗ ರಕ್ತಾ ಕಾರಿದ. ಮೊದಲನೇ ಒದಿ ಯಾರದಂತ ಹೇಳ್ಲಿ? ನಿಮ್ಮ ಮೈದುನರದು. ಅವರೂ ಅಲ್ಲಿದ್ರು. ನಿಮ್ಮ ಹೆಸರು ತೊಳದ್ರ ಗಾಣಾ ಕೈ ಬಿಡತೈತಲ್ಲ."

ಬೈಗುಳಕ್ಕೆ ಊರೂರಿಗೆ ಗಾಡಿ ಸಿಗುತ್ತದೆ. ತಪ್ಪಾಯಿತು ಎನ್ನುವ ಮಾತು ನಡೆದೇ ಬರಬೇಕು, ಅದನ್ನೂ ದಾರಿಯಲ್ಲಿ ತಡೆಯುವವರಿರುತ್ತಾರೆ.

"ನನಗ ಯಾಕ ಹೇಳಲಿಲ್ಲ ಮೈನಾಬಿ?" ಎಂದಳು ಜಿನ್ನವ್ವ.

"ನಾ ಎಷ್ಟ ಬಡಕೊಂಡೆ ಅಕ್ಕಾರ. ಮೂರನೇ ಕೂಗು ಬಿದ್ದಿಲ್ಲ, ಸವದಾ ಮುಗದಿಲ್ಲ, ಮುಗೀಲಾರದ್ದನ್ನ ಏನಂತ ಹೇಳ್ಲಿ ಅಂತಿದ್ದ. ದನಿ ಬಂದ್ರ ಮತ್ತ ಹುಕ್ಕೇರಿಗಿ ಹೋಗಾಂವ ಇದ್ದ. ಬರಲಿಲ್ಲ. ವರ್ಷಕ್ಕೊಮ್ಮೆ ನಿಮ್ಮ ಅಂಗಳದಾಗ ನಿಂತು ಬರ್ತಿದ್ದ, ಅಷ್ಟ."

ಜಿನ್ನವ್ವ ಹಾಕಿದ ಬಾಗಿಲುಗಳೆಲ್ಲ ಒಂದೊಂದಾಗಿ ಎದೆಗೆ ಬಡಿದವು. ಅವಳು ಶಬ್ಬೀರನ ಕಡೆ ತಿರುಗಿದಳು.

"ಪ್ಯಾಟ್ಯಾಗ ಹಾದು ಒಯ್ರಿ. ನಾ ಮುಂದ ಹೋಗ್ತೀನಿ."

*

ಹೆಂಗಸರು ಹೆಣ ಹೊತ್ತ ಜನಾಜದ ಜೊತೆ ಹೋಗುವುದಿಲ್ಲ. ಗಾಣ ಕಳೆದುಕೊಂಡ ಮೇಲೆ ಬಸದಿಯ ಹಾದಿ ಬಿಟ್ಟು ಬೇರೆಡೆಗೆ ಕಾಲಿಡದ ವಿಧವೆ ಬೆಲ್ಲದ ಪೇಟೆಗಂತೂ ಹೋಗುವುದೇ ಇಲ್ಲ. ಜಿನ್ನವ್ವ ಹೋದಳು. ಹುಕ್ಕೇರಿ, ಗೋಕಾಕದ ವ್ಯಾಪಾರಿಗಳು ನೋಡುತ್ತಿದ್ದಂತೆ ಸೆರಗು ಸೊಂಟಕ್ಕೆ ಸಿಗಿಸಿ ಪೆಂಟೆಗಳ ರಾಶಿ ಹತ್ತಿದಳು. ಹಿಂದಿನಿಂದ ಹಮಾಲರು ಜನಾಜ ಹೊತ್ತು ಬಂದು ನಿಂತರು.

"ನಾ ಜಿನ್ನವ್ವ. ಮೌಲಾಅಲಿ ತಾ ಆಡಿದ್ದು ಸುಳ್ಳಂತ ಗೋಕಾಕದಾಗ ಕೂಗ್ಯಾನ, ಹುಕ್ಕೇರ್ಯಾಗ ಕೂಗ್ಯಾನ. ಅವನ್ನ ನಾ ಮಾಫ ಮಾಡೇನಿ. ಒಂದ ಸರತೀ."

ಗಂಡಸರ ನಡುವೆ ಇಷ್ಟು ಜೋರಾಗಿ ಎಂದೂ ಎತ್ತದ ದನಿ ಅದು, ಪೇಟೆಯ ಆ ತುದಿಗೆ ಮುಟ್ಟಿತು. ಧರಣೇಂದ್ರ ಬಡಿಗೆ ಹಿಡಿದು ಜನರನ್ನು ಸೀಳಿಕೊಂಡು ಓಡಿ ಬಂದ.

"ಇಳಿ ಕೆಳಗ. ಮನೆತನಾ ಮತ್ತ ಬೀದಿಗಿ ತರ್ತೀಯೇನ ರಂಡಿ?"

"ಮಾಫ ಮಾಡೇನಿ. ಎರಡ ಸರತೀ."

ಬಡಿಗೆ ಅವಳ ಮೊಣಕಾಲಿಗೆ ಬಿತ್ತು. ಅವಳು ಬೆಲ್ಲದ ಮೇಲೆ ಕುಸಿದಳು. ಅವನು ರಾಶಿ ಹತ್ತಿ ಹಿಂದಿನಿಂದ ಅವಳ ಕೊರಳು ಅಮುಕಿ ಹಿಡಿದ. ಮುರಿಗೆಪ್ಪ, ಶಬ್ಬೀರ ಇಬ್ಬರೂ ಅತ್ತ ಓಡಿದರು. ಜಿನ್ನವ್ವನ ಕಣ್ಣುಗಳು ಮೇಲಾಗಿದ್ದವು. ಎರಡೂ ಕೈಯಿಂದ ಮೈದುನನ ಬೆರಳುಗಳನ್ನು ಕೀಳುತ್ತ, ಕೊರಳಲ್ಲಿ ಉಳಿದಿದ್ದ ಅಷ್ಟಿಷ್ಟು ಉಸಿರನ್ನೆಲ್ಲ ಕೂಡಿಸಿ ಅವಳು ಮೂರನೆಯದನ್ನು ಕೂಗಿದಳು.

ಬಂದದ್ದು ಅವಳ ದನಿಯಲ್ಲ. ಒಡಕು ತಿದಿಯ ಗೊರಗೊರ.

ಹತ್ತು ವರ್ಷ ಮೌಲಾಅಲಿಯ ಆ ದನಿಯ ಪಕ್ಕದಲ್ಲಿ ಮೂಟೆ ಹೊತ್ತಿದ್ದ ಹಮಾಲರು ಅವಳ ಕಡೆ ನೋಡಲಿಲ್ಲ. ಹೊರಳಿ ತಮ್ಮ ಹೆಗಲ ಮೇಲಿದ್ದ ಜನಾಜವನ್ನು ನೋಡಿದರು.