ಮೂರರಲ್ಲಿ ಬೇರೆಯಾದದ್ದು

ಗೋಡೆಯಾಚೆ ಅತ್ತಿಗೆಯ ಕೋಣೆಯಿಂದ ಆ ಸದ್ದು ಬಂದಾಗ ರಾತ್ರಿ ಹನ್ನೊಂದೂವರೆ ದಾಟಿತ್ತು. ದೊಡ್ಡ ಸದ್ದೇನಲ್ಲ. ಕಾಫಿ ಚೀಲದ ಬಾಯಿಯ ಒತ್ತುಪಟ್ಟಿಯನ್ನು ಎಳೆದು ಬಿಡಿಸಿದಾಗ ಚರ್ ಎನ್ನುತ್ತದಲ್ಲ, ಅಷ್ಟೆ. ಆಮೇಲೆ ಮೌನ. ಆಮೇಲೆ ಎರಡು ಬೆರಳು ಪಟ್ಟಿಯನ್ನು ತುದಿಯಿಂದ ತುದಿಗೆ ಒತ್ತುತ್ತ ಹೋದ ಸದ್ದು. ನಾದಿನಿ ಕಣ್ಣು ಮುಚ್ಚಿಕೊಂಡೇ ಎಣಿಸುತ್ತಿದ್ದಳು. ಇವತ್ತು ಚೀಲ ನಿನ್ನೆಗಿಂತ ಹೆಚ್ಚು ಹೊತ್ತು ತೆರೆದಿತ್ತು.

ಅದರೊಳಗೆ ಇದ್ದದ್ದು ಕಾಫಿಯಲ್ಲ, ಅಣ್ಣನ ಅಂಗಿ. ಮರಗೆಲಸದ ಅಣ್ಣ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಕೊನೆಯ ಸಲ ತೊಟ್ಟು ಬಿಚ್ಚಿದ್ದ ನೀಲಿ ಅಂಗಿಯನ್ನು ಅತ್ತಿಗೆ ನೀರಿಗೆ ಹಾಕಲು ಬಿಟ್ಟಿರಲಿಲ್ಲ. ಬೇರೆಯವರಾಗಿದ್ದರೆ ಮಡಚಿ ಬೀರುವಿನಲ್ಲಿ ಇಡುತ್ತಿದ್ದರು. ಅತ್ತಿಗೆ ಇಪ್ಪತ್ತು ವರ್ಷದಿಂದ ಕಾಫಿಯ ರುಚಿ ನೋಡುವ ಕೆಲಸದವಳು. ವಾಸನೆಯನ್ನು ಕಾಪಾಡಲು ಆಕೆಗೆ ಗೊತ್ತಿದ್ದದ್ದು ಒಂದೇ ದಾರಿ, ಒಳಗೆ ಬೆಳ್ಳಿಯ ಹಾಳೆಯಿರುವ ಕಾಫಿ ಚೀಲ. ಅಂಗಿಯ ಮೇಲಿನ ಗುಂಡಿ ಒಮ್ಮೆ ಉದುರಿಹೋದಾಗ ಜೊತೆಯದು ಸಿಗದೆ ನಾದಿನಿ ತನ್ನ ಹಳೆಯ ಕೋಟಿನ ಹಿತ್ತಾಳೆ ಗುಂಡಿಯನ್ನು ಹೊಲಿದುಕೊಟ್ಟಿದ್ದಳು. "ಇದನ್ನ ಹಾಕ್ಕೊಂಡು ಹೋದ್ರೆ ಜನ ನಂಗೆ ಸಲ್ಯೂಟ್ ಹೊಡೀತಾರೆ" ಎಂದು ಅಣ್ಣ ನಕ್ಕಿದ್ದ.

ಅದೇ ಕಾಫಿ ಕಂಪನಿಯ ಚೀಟಿ ಅಂಟಿಸುವ ವಿಭಾಗದಲ್ಲಿದ್ದ ನಾದಿನಿಯನ್ನು ಅತ್ತಿಗೆ ಆರು ತಿಂಗಳ ಹಿಂದೆ ತನ್ನ ಮೇಜಿಗೆ ಕರೆದುಕೊಂಡಿದ್ದಳು. ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟಲುಗಳ ಸಾಲು. ಪುಡಿಯ ಮೇಲೆ ಬಿಸಿನೀರು ಹೊಯ್ದು ನಾಲ್ಕು ನಿಮಿಷ ಕಾಯಬೇಕು, ಮೇಲೆ ಕಟ್ಟಿದ ಪದರವನ್ನು ಚಮಚದಿಂದ ಒಡೆಯಬೇಕು, ಒಡೆದ ಕ್ಷಣದಲ್ಲೇ ಮೂಗು ಬಟ್ಟಲಿಗೆ ತಾಗುವಷ್ಟು ಬಗ್ಗಬೇಕು. ಆಮೇಲೆ ನಾಚಿಕೆ ಬಿಟ್ಟು ಸೊರ್ರೆಂದು ಹೀರಿ ಉಗಿಯಬೇಕು.

"ಏನಿದೆ?" ಮರುದಿನ ಬೆಳಿಗ್ಗೆ ಅತ್ತಿಗೆ ಕೇಳಿದಳು.

"ಚೆನ್ನಾಗಿದೆ."

"ಚೆನ್ನಾಗಿದೆ ಅಂತ ಬೀಗರ ಮನೇಲಿ ಹೇಳು. ಇಲ್ಲಿ ಏನಿದೆಯೋ ಅದನ್ನ ಹೇಳು."

"ಹುಳಿ ಇದೆ."

"ಯಾವ ಹುಳಿ? ನಿಂಬೆದಾ, ಮೊಸರಿಂದಾ, ಇಲ್ಲ ನನ್ನ ತವರಿನವರು ಬಂದಾಗ ನಿಮ್ಮಣ್ಣ ಮುಖ ಮಾಡ್ತಿದ್ರಲ್ಲ, ಆ ಹುಳಿನಾ?"

ಬಾಗಿಲಲ್ಲಿ ನಿಂತಿದ್ದ ಬೀಜ ಹುರಿಯುವವನು ನಕ್ಕ. "ಆ ಹುಳಿ ಬರ್ಬೇಕಾದ್ರೆ ನಾನು ಇನ್ನೂ ಕಮ್ಮಿ ಹುರೀಬೇಕು, ಅಕ್ಕ."

ನಾಲ್ಕನೆಯ ಬಟ್ಟಲಿಗೆ ಬಗ್ಗಿದ ನಾದಿನಿ ತಡವರಿಸಿದಳು. "ಒದ್ದೆ ರಟ್ಟು. ಬೇರೇನೂ ಸಿಗ್ತಿಲ್ಲ. ಹುರಿದು ಎರಡು ತಿಂಗಳು ಆಗಿರ್ಬೇಕು."

"ಮೂರೇ ವಾರ. ಯಾರೋ ದಿನಾ ಚೀಲ ತೆಗೆದು ತೆಗೆದು ನೋಡಿದಾರೆ. ದಿನ ಕಳೆದದ್ದಕ್ಕಿಂತ, ಬಾಯಿ ತೆಗೆದದ್ದೇ ಇದನ್ನ..."

ಅತ್ತಿಗೆ ಅಲ್ಲಿಗೇ ನಿಲ್ಲಿಸಿದಳು. ನಾದಿನಿ ತಲೆಯೆತ್ತಲಿಲ್ಲ, ಚಮಚವನ್ನು ನೀರಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದಳು.

ಭಾನುವಾರ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಒಂದೇ ಥರದ ಮೂರು ಚೀಲಗಳಿದ್ದವು. ಒಂದರಲ್ಲಿ ಆ ನೀಲಿ ಅಂಗಿ, ಉಳಿದೆರಡರಲ್ಲಿ ಅಣ್ಣನವೇ ಒಗೆದ ಅಂಗಿಗಳು. ಕಾಫಿ ವಾಸನೆ ಮೂರಕ್ಕೂ ಒಂದೇ ಇರಲೆಂದು ಅತ್ತಿಗೆ ಅವನ್ನು ಒಂದು ವಾರದ ಹಿಂದೆಯೇ ಚೀಲಕ್ಕೆ ಹಾಕಿಟ್ಟಿದ್ದಳಂತೆ. ಕೆಲಸದಲ್ಲೂ ಹೀಗೇ ಪರೀಕ್ಷೆ ಮಾಡುತ್ತಾರೆ. ಮೂರು ಬಟ್ಟಲು, ಎರಡು ಒಂದೇ ಕಾಫಿ, ಒಂದು ಬೇರೆ. ಬೇರೆಯದನ್ನು ಹುಡುಕಬೇಕು.

"ನಂಗೆ ಒಂದು ತಿಂಗಳಿಂದ ಏನೂ ಸಿಗ್ತಿಲ್ಲ ಕಣೇ," ಅತ್ತಿಗೆ ಚೀಲಗಳನ್ನು ನೆಟ್ಟಗೆ ಮಾಡುತ್ತ ಹೇಳಿದಳು. "ಒಂದೋ ಅಂಗಿಯಿಂದಲೇ ಹೋಗಿದೆ. ಇಲ್ಲಾ, ಒಂದೇ ಬಟ್ಟಲನ್ನ ಮತ್ತೆ ಮತ್ತೆ ಮೂಸಿದ್ರೆ ಆಗತ್ತಲ್ಲ, ಹಾಗೆ ನನ್ನ ಮೂಗು ಮಂಕಾಗಿದೆ. ನೀನು ಅದನ್ನ ಒಂದ್ಸಲಾನೂ ಮೂಸಿಲ್ಲ. ನಿನ್ನ ಮೂಗು ಹೊಸದು."

"ನಂಗೆ ಗೊತ್ತಾಗದೇ ಹೋದ್ರೆ?"

"ಗೊತ್ತಾಗಲಿಲ್ಲ ಅನ್ನು. ನಾನದನ್ನ ಒಗೆದು ಒಣಗಿಸ್ತೀನಿ."

ಎಷ್ಟು ಸಲೀಸಾಗಿ ಹೇಳಿದಳೆಂದರೆ, ಆ ಮಾತನ್ನು ಎಷ್ಟು ಸಲ ಒಳಗೇ ಹೇಳಿಕೊಂಡಿರಬೇಕೆಂದು ನಾದಿನಿಗೆ ಭಯವಾಯಿತು.

ಅತ್ತಿಗೆ ಅವಳ ಕಣ್ಣಿಗೆ ಕರವಸ್ತ್ರ ಕಟ್ಟಿದಳು, ಕೈ ಬೆನ್ನ ಹಿಂದೆ ಇಟ್ಟುಕೊಳ್ಳಲು ಹೇಳಿದಳು. ಚೀಲಗಳನ್ನು ಅತ್ತಿತ್ತ ಸರಿಸಿದ ಸದ್ದಾಯಿತು. ಆಮೇಲೆ ಚರ್.

ಮೊದಲನೆಯದರಲ್ಲಿ ಚೀಲದ ಹಳೆಯ ಕಾಫಿ ವಾಸನೆ, ಒಂದಿಷ್ಟು ಸೋಪು. ಎರಡನೆಯದರಲ್ಲಿ ಅವಳು ಕಲಿತ ಹಾಗೇ ಪೂರ್ತಿ ಬಗ್ಗಿದಳು. ಕಾಫಿ. ಹಾಳೆ. ಇನ್ನೂ ಒಳಗೆ ಮೂಗು ತೂರಿಸಿದಾಗ ಮೇಲ್ತುಟಿಗೆ ತಣ್ಣಗಿನದೇನೋ ತಾಗಿತು. ದುಂಡಗೆ, ನುಣ್ಣಗೆ. ತಾನೇ ಹೊಲಿದಿದ್ದ ಹಿತ್ತಾಳೆ ಗುಂಡಿ.

ಇಡೀ ಬದುಕನ್ನು ಮೂಗಿನಿಂದಲೇ ನಡೆಸಿದ ಅತ್ತಿಗೆಗೆ ಗುಂಡಿಯ ನೆನಪೇ ಬಂದಿರಲಿಲ್ಲ.

ಮೂರನೆಯದನ್ನು ಸುಮ್ಮನೆ ಮೂಸಿ, "ಎರಡನೇದನ್ನ ಇನ್ನೊಂದ್ಸಲ" ಎಂದಳು. ಇದು ಅತ್ತಿಗೆಗಾಗಿ ಅಲ್ಲ. ಸೈಕಲ್ಲಿನ ಹಿಂದೆ ಕೂತು ಅಣ್ಣನ ಬೆನ್ನಿಗೆ ಮುಖ ಒತ್ತಿ ಶಾಲೆಗೆ ಹೋಗುತ್ತಿದ್ದಾಗ ಬರುತ್ತಿದ್ದ ವಾಸನೆಯ ಒಂದೇ ಒಂದು ಎಳೆ ಸಿಕ್ಕರೆ ಸಾಕಿತ್ತು. ಉಸಿರು ಕಟ್ಟುವವರೆಗೆ ಎಳೆದುಕೊಂಡಳು. ಹಳಸಿದ ಕಾಫಿ, ಅಷ್ಟೆ. ಅವನು ಅಲ್ಲಿರಲಿಲ್ಲ. ಯಾವ ರಾತ್ರಿ ಹೋದನೋ, ಗೋಡೆಯ ಈಚೆ ಮಲಗಿ ಎಣಿಸುತ್ತಿದ್ದವಳಿಗೂ ತಿಳಿಯಲಿಲ್ಲ.

"ಎರಡನೇದು," ಎಂದಳು.

ಅತ್ತಿಗೆ ಕುರ್ಚಿ ಎಳೆದುಕೊಂಡ ಸದ್ದಾಯಿತು. "ಏನಿದೆ ಅದರಲ್ಲಿ?"

"ಮರದ ಪುಡಿ. ಹಸೀದಲ್ಲ, ಉಜ್ಜಿ ಉಜ್ಜಿ ಬಿಸಿಯಾದದ್ದು. ಅಂಟು ಸ್ವಲ್ಪ. ಕತ್ತುಪಟ್ಟಿ ಹತ್ರ ಬೆವರು." ಮುಖವನ್ನು ಅತ್ತಿಗೆಯತ್ತ ತಿರುಗಿಸಿದಳು. "ತುಂಬಾ ಕಮ್ಮಿ, ಅತ್ತಿಗೆ. ಆದ್ರೆ ಇದೆ."

ಕರವಸ್ತ್ರ ಬಿಚ್ಚಿದಾಗ ಅತ್ತಿಗೆ ಕೂತಿದ್ದಳು, ಎರಡನೆಯ ಚೀಲ ಮಡಿಲಲ್ಲಿತ್ತು. ಮುಖದಲ್ಲಿ ಏನೋ ಸಡಿಲವಾಗಿತ್ತು.

"ನನ್ನ ಮೂಗಿಂದೇ ತಪ್ಪು ಹಾಗಾದ್ರೆ," ಎಂದಳು. "ನೋಡು, ದೊಡ್ಡ ರುಚಿ ನೋಡೋಳು ನಾನು." ಪಟ್ಟಿಯನ್ನು ಒಮ್ಮೆ ಒತ್ತಿದಳು, ನಂಬಿಕೆಯಾಗದೆ ಮತ್ತೊಮ್ಮೆ ಒತ್ತಿದಳು. "ಆರು ತಿಂಗಳು ಇದನ್ನ ಮುಟ್ಟಲ್ಲ. ಮೂಗು ಸುಧಾರಿಸ್ಕೊಳ್ಳಲಿ. ನೀನೇ ಎಲ್ಲಾದ್ರೂ ಎತ್ತಿಡು, ನಂಗೆ ಕಾಣಿಸದ ಹಾಗೆ."

ನಾದಿನಿ ಅದನ್ನು ತನ್ನ ಪೆಟ್ಟಿಗೆಯ ತಳದಲ್ಲಿಟ್ಟಳು. ಆ ರಾತ್ರಿ ಗೋಡೆಯಾಚೆ ಸದ್ದಾಗಲಿಲ್ಲ. ಅತ್ತಿಗೆ ಮಗ್ಗುಲು ಬದಲಿಸಿದ್ದು, ಆಮೇಲೆ ಎಷ್ಟೋ ತಿಂಗಳಿಂದ ಕೇಳದಿದ್ದ ಅವಳ ಸಣ್ಣ ಗೊರಕೆ. ನಾದಿನಿಗೆ ಮಾತ್ರ ನಿದ್ದೆ ಬರಲಿಲ್ಲ. ಅತ್ತಿಗೆ ಮತ್ತೆ ಆ ಚೀಲ ಕೇಳುವವರೆಗಿನ ಆರು ತಿಂಗಳನ್ನು ವಾರಗಳಾಗಿ ಎಣಿಸಿದಳು.

ಸೋಮವಾರ ಅತ್ತಿಗೆ ಬಟ್ಟಲು ಜೋಡಿಸುತ್ತ ಹುರಿಯುವವನಿಗೆ ಹೇಳಿದಳು, "ನನ್ನ ನಾದಿನಿ ಮೂಗು ಅಂದ್ರೆ ಮೂಗು. ನಾನು ಕಳ್ಕೊಂಡದ್ದನ್ನ ಹುಡುಕಿಕೊಟ್ಟಳು."

"ಏನು ಹುಡುಕಿದ್ರಿ, ತಾಯಿ?" ಅವನು ಇವಳತ್ತ ತಿರುಗಿದ.

ನಾಲ್ಕು ನಿಮಿಷ ಆಗಿತ್ತು. ಅವಳು ಚಮಚ ಎತ್ತಿಕೊಂಡಳು. ಮೇಲ್ತುಟಿಯ ಮೇಲೆ ಆ ತಣ್ಣಗಿನ ಗುಂಡಿ ಇನ್ನೂ ಇತ್ತು. ಅದನ್ನು ಇವನಿಗಲ್ಲ, ಅತ್ತಿಗೆಗಲ್ಲ, ಯಾರಿಗೂ ಹೇಳುವುದಿಲ್ಲ ಎಂದುಕೊಂಡು, ಪದರ ಒಡೆದು ಬಗ್ಗಿದಳು.