ಸಂಪಿನೊಳಗಿನ ಹೊನ್ನೆ ಹಲಗೆ

ಮಾರೇನಹಳ್ಳಿಯ ಕೆಂಪಯ್ಯನವರ ಸಕ್ಕರೆ ಕಾಯಿಲೆ ಎಂಥದೆಂದರೆ, ಅವರು ಜಗಲಿಯಲ್ಲಿ ಕೂತು ಬೆವರು ಒರೆಸಿಕೊಂಡರೆ ಹೊಸಹಳ್ಳಿಯ ಇರುವೆಗಳು ಸಾಲುಗಟ್ಟಿ ಹೊರಡುತ್ತಿದ್ದವು. ಯುಗಾದಿಗೆ ಮೂರು ದಿನವಿತ್ತು. ಹೆಂಡತಿ ಅಕ್ಕಯ್ಯಮ್ಮ ಕಡ್ಡಿ ಮುರಿದಂತೆ ಹೇಳಿದ್ದರು: ರಕ್ತಪರೀಕ್ಷೆಯ ಚೀಟಿಯಲ್ಲಿ ಸಕ್ಕರೆ ಇಳಿದಿದ್ದರೆ ಒಬ್ಬಟ್ಟು, ಇಲ್ಲದಿದ್ದರೆ ಬೆಲ್ಲವಿಲ್ಲದ ಬರೀ ಬೇವು.

ಆಗ ಅವರ ತಲೆಬಾಗಿಲಿಗೆ ಹೊನ್ನೆ ಹಲಗೆ ಹೆರೆಯುತ್ತಿದ್ದವನು ಬಾದಾಮಿ ಕಡೆಯ ಬಡಗಿ ಬಸಪ್ಪ. ಮರ ಎಷ್ಟು ಗಟ್ಟಿಯೆಂದರೆ ಅವನ ಉಳಿಯಿಂದ ಹಾರಿದ ಕಿಡಿಗೆ ಎದುರುಮನೆಯವರು ಬೀಡಿ ಹಚ್ಚಿಕೊಂಡರು. ಕಚ್ಚಲು ಬಂದ ಗೆದ್ದಲುಗಳು ಹಲ್ಲಿನ ಡಾಕ್ಟರನ್ನು ಹುಡುಕಿಕೊಂಡು ಹೋದವು.

"ಹೊನ್ನಿ ಅಂದ್ರ ಸಾಮಾನ್ಯ ಅಲ್ರಿ ಯಜಮಾನ್ರ," ಎಂದ ಬಸಪ್ಪ. "ಇದರ ಲೋಟದಾಗ ರಾತ್ರಿ ನೀರಿಟ್ಟು, ಮರ ಬಣ್ಣ ಬಿಟ್ಟ ಮ್ಯಾಲ ಮುಂಜಾನೆ ಕುಡಿದ್ರ ಸಕ್ಕರಿ ಇಳೀತದ ಅಂತಾರ. ಒಂದು ಮಾಡಿಕೊಡ್ಲೇನ್ರಿ?"

ಲೋಟ ಯಾವ ಮೂಲೆಗೆ? ಮಧ್ಯಾಹ್ನ ಅಕ್ಕಯ್ಯಮ್ಮ ಮಲಗಿ, ಬಸಪ್ಪ ಊಟಕ್ಕೆ ಹೋದದ್ದೇ ತಡ, ನಾಲ್ಕು ಆಳಿಗೂ ಅಲುಗದ ಏಳಡಿ ಹಲಗೆಯನ್ನು ಕೆಂಪಯ್ಯನವರು ಒಬ್ಬಟ್ಟನ್ನು ನೆನೆದು ಒಬ್ಬರೇ ಎಳೆದೊಯ್ದು ನೀರಿನ ಸಂಪಿಗೆ ಇಳಿಸಿದರು. ಅದು ತೇಲಿ ತಲೆಯೆತ್ತಿತು. ರುಬ್ಬುಗುಂಡು ಹೇರಿ ಮುಳುಗಿಸಿದರು. ಹಲಗೆ ಎಲ್ಲಿ ಎಂದು ಬಸಪ್ಪ ಕೇಳಿದ್ದಕ್ಕೆ, ಪೂಜೆಗೆ ಹೋಗಿದೆ ಎಂದು ಸಾಗಹಾಕಿದರು. ಆಮೇಲೆ ದಿನಕ್ಕೆ ಹದಿನೆಂಟು ಚೊಂಬು ಕುಡಿದರು.

ಆದರೆ ಅದೇ ಸಂಪಿನ ನೀರು ಮೋಟಾರಿನಿಂದ ಮೇಲಿನ ಟ್ಯಾಂಕಿಗೇರಿ, ಅವರು ಮಹಡಿಯಲ್ಲಿ ಕಟ್ಟಿಸಿದ್ದ ಏಳು ಬಾಡಿಗೆ ಮನೆಗಳ ನಲ್ಲಿಗೆ ಹೋಗುತ್ತಿತ್ತು. ಹಬ್ಬದ ಹಿಂದಿನ ದಿನ ಏಳೂ ಮನೆಯವರು ಬಟ್ಟೆ ಒಗೆದು ತಾರಸಿಯಲ್ಲಿ ಒಣಹಾಕಿದರು. ಬಾಡಿಗೆದಾರ ಲಕ್ಷ್ಮೀಪತಿ ಒಂದು ಷರ್ಟು ಹಿಡಿದು ಕೆಳಗಿಳಿದ.

"ಸಾರ್, ನಾನು ಒಗೆದಿದ್ದು ಬಿಳಿ ಷರ್ಟು. ಈಗ ನೋಡಿ, ಹಾಲು ಹಾಕಿದ್ರೆ ಟೀ ಕುಡೀಬಹುದು."

ಅಕ್ಕಯ್ಯಮ್ಮ ಸೀದಾ ಹೋಗಿ ಸಂಪಿನ ಮುಚ್ಚಳ ತೆಗೆದರು. ಹಲಗೆ ಹೊರಬಂತು. ಬಸಪ್ಪ ಅದನ್ನು ಬೆರಳಲ್ಲಿ ತಟ್ಟಿ, ಕೂದಲೆಳೆಯಷ್ಟೂ ಉಬ್ಬಿಲ್ಲವೆಂದು ಎಲ್ಲರಿಗೂ ತೋರಿಸುತ್ತ ಹಿಗ್ಗಿದ. ಕೇಳುವವರಿರಲಿಲ್ಲ.

"ಬಣ್ಣ ಹತ್ತಿದ ಬಟ್ಟೆಗೊಂದು ಒಬ್ಬಟ್ಟು ಕೊಡ್ತೀನಿ ಕಣಪ್ಪ," ಎಂದರು ಅಕ್ಕಯ್ಯಮ್ಮ ಲಕ್ಷ್ಮೀಪತಿಗೆ.

"ಕರ್ಚೀಫೂ ಲೆಕ್ಕಕ್ಕಾ, ಆಂಟಿ?"

"ಎಲ್ಲಾ ಲೆಕ್ಕಕ್ಕೆ."

ಯುಗಾದಿಯ ದಿನ ಬೇಯಿಸಿದ್ದು ನೂರೆಂಟು ಒಬ್ಬಟ್ಟು. ಕೆಂಪಯ್ಯನವರು ರಕ್ತಪರೀಕ್ಷೆಯ ಚೀಟಿ ಹಿಡಿದು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದರು. ಅದನ್ನು ಅಕ್ಕಯ್ಯಮ್ಮ ಬಿಡಿಸಿಯೂ ನೋಡಲಿಲ್ಲ. ನೂರೇಳು ಒಬ್ಬಟ್ಟು ಒಂದೊಂದಾಗಿ ಮಹಡಿ ಹತ್ತಿದವು. ಉಳಿದ ಒಂದರ ಕಡೆ ಕೆಂಪಯ್ಯನವರು ಕೈ ಚಾಚುವಷ್ಟರಲ್ಲಿ ಲಕ್ಷ್ಮೀಪತಿ ಮತ್ತೆ ಬಂದ, ಕೈಯಲ್ಲಿ ಟೀ ಬಣ್ಣದ ಒಂಟಿ ಕಾಲುಚೀಲ ಹಿಡಿದು.